ಇದ್ದೂ ಸಿಗದ ಪುಸ್ತಕ

ನಮ್ಮ ಕಾಲೇಜಿನ ಲೈಬ್ರರಿ ಕಂಪ್ಯೂಟರ್‌ನಲ್ಲಿ ಪುಸ್ತಕ ಹುಡುಕಿದಾಗ ಒಮ್ಮೊಮ್ಮೆ 'ಏನೂ ಸಿಗಲಿಲ್ಲ' ಅಂತ ಬರುತ್ತದೆ. ಮಕ್ಕಳು ಅದನ್ನು 'ಲೈಬ್ರರಿಯಲ್ಲಿ ಇಲ್ಲ' ಅಂತಲೇ ಓದಿಕೊಳ್ಳುತ್ತಾರೆ. ಸಿಗಲಿಲ್ಲ ಅನ್ನೋದು ಬೇರೆ, ಇಲ್ಲ ಅನ್ನೋದು ಬೇರೆ. ಆದರೆ ಸೆಮಿನಾರ್ ಹತ್ತಿರ ಬಂದಿರುವ ಹುಡುಗಿಗೆ ಅದನ್ನೆಲ್ಲ ಯೋಚಿಸಲು ಪುರುಸೊತ್ತು ಎಲ್ಲಿರುತ್ತದೆ? ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೊರಟುಬಿಡುತ್ತಾಳೆ. ಕೌಂಟರ್‌ಗೆ ಬಂದು ಬಾಯಿಬಿಟ್ಟು ಕೇಳುವವರು ಕೆಲವರು ಮಾತ್ರ. ಪಾವಗಡ, ಮಧುಗಿರಿ, ಶಿರಾ ಕಡೆಯ ಹಳ್ಳಿಗಳಿಂದ ತುಮಕೂರಿಗೆ ಓದಲು ಬಂದು, ಇಷ್ಟೊಂದು ರ‍್ಯಾಕ್‌ಗಳನ್ನು ಮೊದಲ ಸಲ ನೋಡುವ ಮಕ್ಕಳಂತೂ ಕೇಳುವುದೇ ಇಲ್ಲ. ಹಾಗೆ ಕೇಳದೆ ಹೊರಟುಹೋದವರು ಎಷ್ಟು ಜನವೋ ಅನ್ನುವ ಯೋಚನೆ ನನ್ನನ್ನು ಬಹಳ ದಿನಗಳಿಂದ ಕೊರೆಯುತ್ತಿದೆ.

ಕಳೆದ ವರ್ಷ ಮಳೆ ಶುರುವಾಗುವ ಹೊತ್ತಿಗೆ, ಕನ್ನಡ ಐಚ್ಛಿಕ ತೆಗೆದುಕೊಂಡ ಬಿ.ಎ. ಹುಡುಗಿಯೊಬ್ಬಳು ಕೌಂಟರ್ ಹತ್ತಿರ ಬಂದು ನಿಂತಳು. "ಮೇಡಂ, ತೀನಂಶ್ರೀ ಅವರ ಕಾವ್ಯಮೀಮಾಂಸೆ ನಮ್ಮಲ್ಲಿ ಇಲ್ವಂತೆ. ಬೇರೆ ಎಲ್ಲಾದ್ರೂ ಸಿಗುತ್ತಾ?" ಅಂದಳು. "ಇಲ್ಲ ಅಂತ ಯಾರಮ್ಮ ಹೇಳಿದ್ದು?" ಅಂದೆ. "ಕಂಪ್ಯೂಟರ್‌ನಲ್ಲೇ ಬಂತು ಮೇಡಂ." ನಾನು ಎದ್ದು ಅವಳ ಜೊತೆ ರ‍್ಯಾಕ್‌ಗೆ ಹೋದೆ. 894.814, ಕನ್ನಡ ಸಾಹಿತ್ಯದ ಸಾಲು. ಪುಸ್ತಕಗಳಿಗೆ ವಿಷಯವಾರು ನಂಬರ್ ಕೊಡುವ ಡ್ಯೂಯಿ ವರ್ಗೀಕರಣದಲ್ಲಿ ಕನ್ನಡಕ್ಕೆ ಸಿಕ್ಕಿರುವ ನಂಬರ್ ಅದು. ವಿಮರ್ಶೆ, ಮೀಮಾಂಸೆ ಎಲ್ಲವನ್ನೂ ನಾವು ಅಲ್ಲೇ ಒಟ್ಟಿಗೆ ಇಟ್ಟಿದ್ದೇವೆ. ಪುಸ್ತಕದ ಮೂರು ಪ್ರತಿಗಳು ಒತ್ತೊತ್ತಾಗಿ ನಿಂತಿದ್ದವು. ಒಂದರ ರಟ್ಟು ಹೊಸದಾಗಿ ಬೈಂಡ್ ಆಗಿತ್ತು. ಇನ್ನೊಂದರ ಡ್ಯೂ ಸ್ಲಿಪ್ಪಿನಲ್ಲಿ ಹಳೆ ತಾರೀಖುಗಳು ಮೇಲಿಂದ ಕೆಳಗಿನವರೆಗೂ ತುಂಬಿದ್ದವು. ಕಂಪ್ಯೂಟರ್ ಬಂದ ಮೇಲೆ ಮಾತ್ರ ಯಾರೂ ಅದನ್ನು ತೆಗೆದುಕೊಂಡು ಹೋದ ಹಾಗೆ ಕಾಣಲಿಲ್ಲ.

ಹುಡುಗಿ ಖುಷಿಯಿಂದ ಪುಸ್ತಕ ಇಶ್ಯೂ ಮಾಡಿಸಿಕೊಂಡು ಹೋದಳು. ನಾನು ಅವಳು ಕೂತಿದ್ದ ಕಂಪ್ಯೂಟರ್ ಮುಂದೆ ಕೂತೆ. ತೀನಂಶ್ರೀ ಅಂದರೆ ತೀ. ನಂ. ಶ್ರೀಕಂಠಯ್ಯ. ಅವಳು 'ಶ್ರೀಕಂಠಯ್ಯ' ಅಂತ ಸರಿಯಾಗಿಯೇ ಟೈಪ್ ಮಾಡಿದ್ದಳು. ನಮ್ಮ ದಾಖಲೆಯಲ್ಲಿ ಇದ್ದದ್ದೂ 'ಶ್ರೀಕ೦ಠಯ್ಯ'. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಕಣ್ಣಿಗೆ ಒಂದೇ. ಕಂಪ್ಯೂಟರ್ ಒಳಗೆ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇರುತ್ತದೆ, ಅದೇ ಯೂನಿಕೋಡ್ ಸಂಖ್ಯೆ. ಅದನ್ನು ಒಂದೊಂದಾಗಿ ತೆಗೆದು ನೋಡಿದಾಗ ವಿಷಯ ಗೊತ್ತಾಯಿತು. ಹುಡುಗಿ ಹಾಕಿದ್ದು ಅನುಸ್ವಾರ, ಅದರ ಸಂಖ್ಯೆ 3202. ದಾಖಲೆಯಲ್ಲಿ ಇದ್ದದ್ದು ಕನ್ನಡದ ಸೊನ್ನೆ, ಅದರ ಸಂಖ್ಯೆ 3302. ಹಿಂದೆ ಡೇಟಾ ಎಂಟ್ರಿ ಮಾಡಿದವರು ಯಾರೋ ಅನುಸ್ವಾರದ ಜಾಗದಲ್ಲಿ ಸೊನ್ನೆ ಒತ್ತಿದ್ದಾರೆ. ನೋಡಲು ಎರಡೂ ಗುಂಡಗೇ ಇರುತ್ತವಲ್ಲ. ಕಂಪ್ಯೂಟರ್ ಮಾತ್ರ ಗುಂಡಗಿದೆಯಾ ಅಂತ ನೋಡುವುದಿಲ್ಲ, ಸಂಖ್ಯೆ ನೋಡುತ್ತದೆ. ಒಂದೇ ಒಂದು ಸೊನ್ನೆಯಿಂದ ತೀನಂಶ್ರೀ ನಮ್ಮ ಲೈಬ್ರರಿಯಿಂದ ಮರೆಯಾಗಿದ್ದರು. ಅದೂ ತುಮಕೂರಿನಲ್ಲಿ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ಹುಟ್ಟಿದವರು ಅವರು.

ಆ ಸಂಜೆಯಿಂದ ನನ್ನ ಕೆಲಸದ ದಾರಿಯೇ ಬದಲಾಯಿತು ಅನ್ನಬಹುದು.

ಕಣ್ಣಿಗೆ ಒಂದೇ, ಕಂಪ್ಯೂಟರ್‌ಗೆ ಬೇರೆ

ನಾವು ಬಳಸುವುದು ಕೋಹಾ ಎಂಬ ಲೈಬ್ರರಿ ಸಾಫ್ಟ್‌ವೇರ್. ಅದರ ಹಿನ್ನೆಲೆ ನನಗೆ ತುಂಬಾ ಇಷ್ಟ. 1999ರಲ್ಲಿ ನ್ಯೂಜಿಲೆಂಡ್‌ನ ಹೊರೊಫೆನುವಾ ಎಂಬ ಕಡೆಯ ಲೈಬ್ರರಿಗೆ ಒಂದು ತೊಂದರೆ ಬಂತು. ಅವರ ಹಳೆ ಸಾಫ್ಟ್‌ವೇರ್ 2000ನೇ ಇಸವಿಗೆ ಹೊಂದಿಕೊಳ್ಳುವ ಹಾಗಿರಲಿಲ್ಲ. ಹೊಸದನ್ನು ಬರೆಸಿದರು. ಬರೆಸಿದ್ದನ್ನು ತಮ್ಮಲ್ಲೇ ಇಟ್ಟುಕೊಳ್ಳದೆ ಎಲ್ಲರಿಗೂ ಬಿಟ್ಟುಕೊಟ್ಟರು. ಅಂಥ ಒಂದು ಊರಿನ ಲೈಬ್ರರಿಗೆಂದು ಬರೆದದ್ದು ಇವತ್ತು ತುಮಕೂರಿನ ಡಿಗ್ರಿ ಕಾಲೇಜಿನ ಇಶ್ಯೂ ಕೌಂಟರ್‌ನಲ್ಲಿ ಓಡುತ್ತಿದೆ. ಲೈಸೆನ್ಸ್ ದುಡ್ಡಿಲ್ಲ. ಅದಕ್ಕಿಂತ ಮುಖ್ಯವಾಗಿ, ಒಳಗೆ ಏನು ನಡೆಯುತ್ತಿದೆ ಅಂತ ತೆರೆದು ನೋಡಬಹುದು, ಬೇಕಾದ ಹಾಗೆ ತಿದ್ದಿಕೊಳ್ಳಬಹುದು. ಕನ್ನಡದ ಮಟ್ಟಿಗೆ ಇದು ದೊಡ್ಡ ಮಾತು. ಯಾಕಂದರೆ ನಮ್ಮ ಅಕ್ಷರಗಳ ತಾಪತ್ರಯ ನ್ಯೂಜಿಲೆಂಡ್‌ನಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು? ಅದನ್ನು ನಾವೇ ಹೇಳಬೇಕು, ನಾವೇ ಸರಿಮಾಡಬೇಕು.

ತಾಪತ್ರಯ ಸೊನ್ನೆ ಒಂದೇ ಅಲ್ಲ. ನಮ್ಮ ಹಳೆಯ ದಾಖಲೆಗಳಲ್ಲಿ ಒಂದಷ್ಟು, ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಫಾಂಟ್‌ಗಳಲ್ಲಿ ಟೈಪ್ ಮಾಡಿದವು. ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ. ಇಲ್ಲದಿದ್ದರೆ ತಲೆ ಮೇಲೆ ಗೆರೆ, ಚುಕ್ಕೆ ಹೊತ್ತ ರೋಮನ್ ಅಕ್ಷರಗಳು ಕಾಣುತ್ತವೆ. ಇವನ್ನು ಯೂನಿಕೋಡ್‌ಗೆ ತರುವುದು ಅಂದರೆ ಬರೀ ಒಂದು ಅಕ್ಷರಕ್ಕೆ ಇನ್ನೊಂದನ್ನು ಹಾಕುವುದಲ್ಲ. ಹಳೆ ಫಾಂಟ್‌ಗಳಲ್ಲಿ ಅಕ್ಷರ ಕಣ್ಣಿಗೆ ಕಾಣುವ ಕ್ರಮದಲ್ಲಿ ಕೂತಿರುತ್ತದೆ. 'ಅಕ್ಕಿ' ತೆಗೆದುಕೊಳ್ಳಿ. ಅಲ್ಲಿ ಮೊದಲು ಅ, ಆಮೇಲೆ ಗುಡಿಸು ಸೇರಿದ ಕಿ, ಕೊನೆಗೆ ಒತ್ತು. ಯೂನಿಕೋಡ್‌ನಲ್ಲಿ ಬಾಯಲ್ಲಿ ಹೇಳುವ ಕ್ರಮ. ಎರಡು ಕಕಾರ ಮುಗಿದ ಮೇಲೇ ಇಕಾರ. 'ಧರ್ಮ'ದಲ್ಲಿ ಅರ್ಕಾವತ್ತು ಹಳೆ ಫಾಂಟಿನಲ್ಲಿ ಮಕಾರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಅದು ಮೊದಲು ಬರಬೇಕು. ಇದಕ್ಕೆಲ್ಲ ಕನ್ನಡದ ಹುಡುಗರೇ ಮಾಡಿ ಉಚಿತವಾಗಿ ಬಿಟ್ಟಿರುವ ಪರಿವರ್ತಕಗಳಿವೆ. ಅವರಿಗೆ ನಾನು ಋಣಿ. ನನ್ನ ಪಾಲಿಗೆ ಉಳಿದದ್ದು ಪರಿವರ್ತನೆ ಆದ ಮೇಲಿನ ಕಸ ತೆಗೆಯುವ ಕೆಲಸ.

ಉದಾಹರಣೆಗೆ 'ಗೋ' ಅಕ್ಷರ. ಓತ್ವಕ್ಕೆ 3275 ಅಂತ ಒಂದೇ ಸಂಖ್ಯೆ ಇದೆ. ಆದರೆ ಅದೇ ಆಕಾರವನ್ನು 3270, 3266, 3285 ಅಂತ ಮೂರು ತುಂಡು ಜೋಡಿಸಿಯೂ ಬರೆಯಬಹುದು. ಪರದೆ ಮೇಲೆ ಎರಡೂ 'ಗೋ'. ಜೋಡಿಸಿ ಬರೆದದ್ದನ್ನೆಲ್ಲ ಒಂದೇ ರೂಪಕ್ಕೆ ತರದಿದ್ದರೆ 'ಗೋವಿಂದ' ಹುಡುಕಿದವರಿಗೆ ಅರ್ಧ ಗೋವಿಂದರು ಮಾತ್ರ ಸಿಗುತ್ತಾರೆ. 'ರ‍್ಯಾಂಕ್' ಅಂತ ಬರೆಯುವಾಗ ನಡುವೆ ಒಂದು ಅಗಲವೇ ಇಲ್ಲದ, ಕಣ್ಣಿಗೆ ಕಾಣದ ಅಕ್ಷರ ಕೂತಿರುತ್ತದೆ. ಕೆಲವರ ಕೀಬೋರ್ಡ್ ಅದನ್ನು ಹಾಕುತ್ತದೆ, ಕೆಲವರದ್ದು ಹಾಕುವುದಿಲ್ಲ. ಇವನ್ನೆಲ್ಲ ನೋಡಿಕೊಳ್ಳಲು ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಸೊನ್ನೆಯ ನಿಯಮ ಸರಳ. ಹಿಂದಿನದು ಅಂಕಿಯಾಗಿದ್ದರೆ ಸೊನ್ನೆ ಸೊನ್ನೆಯಾಗಿಯೇ ಇರಲಿ, ೧೯೦೪ ಅನ್ನೋದನ್ನು ಮುಟ್ಟಬೇಡ. ಹಿಂದಿನದು ಅಕ್ಷರವಾಗಿದ್ದರೆ ಅನುಸ್ವಾರ ಮಾಡು. ಕೋಹಾದ ಹುಡುಕಾಟದ ಸೂಚಿ ಕಟ್ಟುವ ಜೀಬ್ರಾ ಎಂಬ ಭಾಗದಲ್ಲೂ ಯೂನಿಕೋಡ್ ಲಿಪಿಗಳನ್ನು ಸರಿಯಾಗಿ ಬಿಡಿಸಿ ಓದುವ ವ್ಯವಸ್ಥೆಯನ್ನು ಆರಿಸಿಕೊಂಡು, ಇಡೀ ಸೂಚಿಯನ್ನು ಮತ್ತೆ ಕಟ್ಟಿಸಿದೆ.

ಪ್ರೋಗ್ರಾಂ ಓಡಿಸುವ ಮೊದಲು ಅದು ಏನೇನು ತಿದ್ದಲಿದೆ ಅನ್ನುವ ಪಟ್ಟಿಯನ್ನು ಪ್ರಿಂಟ್ ತೆಗೆದುಕೊಂಡೆ. ಪರಿಶೀಲನೆಗೆ ನನ್ನ ಜೊತೆ ಕೂತವರು ನಮ್ಮ ಅಟೆಂಡರ್. ಎಲ್ಲರೂ ಅವರನ್ನು ಅಣ್ಣ ಅನ್ನುತ್ತೇವೆ. ಕಂಪ್ಯೂಟರ್ ಇಲ್ಲದ ಕಾಲದಿಂದ ಇಲ್ಲಿರುವವರು. ಮಧ್ಯಾಹ್ನ ಮಕ್ಕಳೆಲ್ಲ ಕ್ಲಾಸಿಗೆ ಹೋದ ಮೇಲೆ ಅವರು ಕನ್ನಡಕ ಏರಿಸಿ ಹೆಸರು ಓದುತ್ತಿದ್ದರು, ನಾನು ಗುರುತು ಹಾಕುತ್ತಿದ್ದೆ. ಒಂದು ಹೆಸರನ್ನು ನಾನು ಬಿಎಂಶ್ರೀ ಅವರದ್ದು ಅಂದುಕೊಂಡಾಗ ಅಣ್ಣ ನಿಲ್ಲಿಸಿದರು. "ಮೇಡಂ, ಇದು ಬಿಎಂಶ್ರೀ ಅಲ್ಲ. ಈ ಪುಸ್ತಕ ನಂಗೊತ್ತು, ತೀನಂಶ್ರೀದು. ಹಸಿರು ರಟ್ಟು, ಮೂರನೇ ರ‍್ಯಾಕ್ ಕೆಳಗಡೆ ಇರುತ್ತೆ." ಹೋಗಿ ತಂದು ತೋರಿಸಿದರು. ಹೌದು, ಅವರು ಹೇಳಿದ್ದೇ ಸರಿ. ಯಾವ ಪ್ರೋಗ್ರಾಮೂ ಅದನ್ನು ಹಿಡಿಯಲು ಆಗುತ್ತಿರಲಿಲ್ಲ. ದಾಖಲೆಯಲ್ಲಿ ಬರೀ 'ಶ್ರೀಕಂಠಯ್ಯ' ಅಂತ ಇತ್ತು, ಯಾವ ಶ್ರೀಕಂಠಯ್ಯ ಅಂತ ಇರಲಿಲ್ಲ.

ಇಬ್ಬರು ಶ್ರೀಕಂಠಯ್ಯಂದಿರು

ಇದು ಅಕ್ಷರದ ತೊಂದರೆಗಿಂತ ಆಳವಾದದ್ದು. ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯ ಹುಟ್ಟಿದ್ದು 1884ರಲ್ಲಿ, ನಮ್ಮ ಜಿಲ್ಲೆಯ ಸಂಪಿಗೆಯಲ್ಲಿ. ತೀರ್ಥಪುರ ನಂಜುಂಡಯ್ಯ ಶ್ರೀಕಂಠಯ್ಯ ಹುಟ್ಟಿದ್ದು 1906ರಲ್ಲಿ. ಇಬ್ಬರೂ ಕನ್ನಡಕ್ಕಾಗಿ ದುಡಿದ ಮೇಷ್ಟ್ರುಗಳು, ಇಬ್ಬರ ನಂಟೂ ಇದೇ ಜಿಲ್ಲೆಗೆ. ಓದುಗರ ಬಾಯಲ್ಲಿ ಅವರು ಬಿಎಂಶ್ರೀ, ತೀನಂಶ್ರೀ. ಕ್ಯಾಟಲಾಗಿನಲ್ಲಿ ಮಾತ್ರ ಇಬ್ಬರೂ 'ಶ್ರೀಕಂಠಯ್ಯ' ಅಂತ ಶುರುವಾಗುತ್ತಾರೆ. ಯಾಕಂದರೆ ನಾವು ಲೈಬ್ರರಿ ಸೈನ್ಸ್ ಕೋರ್ಸಿನಲ್ಲಿ ಕಲಿತ ನಿಯಮ ಪಶ್ಚಿಮದ್ದು. ಮನೆತನದ ಹೆಸರು ಮೊದಲು ಬರೆ, ಉಳಿದದ್ದು ಆಮೇಲೆ. ನಮ್ಮ ಕಡೆ ಎಷ್ಟೋ ಜನಕ್ಕೆ ಮನೆತನದ ಹೆಸರೇ ಇಲ್ಲ. ಊರು, ಅಪ್ಪನ ಹೆಸರು, ತನ್ನ ಹೆಸರು, ಇಷ್ಟೇ. ಕೊನೆಯಲ್ಲಿರುವುದು ಅವರ ಸ್ವಂತ ಹೆಸರು. ಅದನ್ನು ಮನೆತನದ ಹೆಸರು ಅಂದುಕೊಂಡು ಮುಂದೆ ತಂದರೆ ಕುವೆಂಪು 'ಪುಟ್ಟಪ್ಪ, ಕೆ.ವಿ.' ಆಗುತ್ತಾರೆ. ನಮ್ಮ ಯಾವ ವಿದ್ಯಾರ್ಥಿ ಕುವೆಂಪು ಪುಸ್ತಕಕ್ಕೆ 'ಪುಟ್ಟಪ್ಪ' ಅಂತ ಹುಡುಕುತ್ತಾನೆ?

ಹಾಗಂತ ನಿಯಮ ಬಿಡಿ ಅಂತ ನಾನು ಹೇಳುವುದಿಲ್ಲ. ಒಂದು ಗಟ್ಟಿ ರೂಪ ಬೇಕೇ ಬೇಕು, ಇಲ್ಲದಿದ್ದರೆ ಒಬ್ಬರ ಪುಸ್ತಕಗಳು ಹತ್ತು ಕಡೆ ಚೆದುರುತ್ತವೆ. ನಾನು ಹೇಳುವುದು ಇಷ್ಟು. ಜನ ಕರೆಯುವ ಹೆಸರುಗಳೆಲ್ಲ ಆ ರೂಪದ ಬೆನ್ನಿಗೆ ಇರಬೇಕು. ಕೋಹಾದಲ್ಲಿ ಇದಕ್ಕೆ ಅಥಾರಿಟಿ ದಾಖಲೆ ಅಂತ ಇದೆ. 100ನೇ ಫೀಲ್ಡಿನಲ್ಲಿ ಒಪ್ಪಿತ ಹೆಸರು, 400ರಲ್ಲಿ ಬೇರೆ ಹೆಸರುಗಳು, ಎಷ್ಟು ಬೇಕಾದರೂ. 400ರಲ್ಲಿರುವುದನ್ನೂ ಹುಡುಕಾಟಕ್ಕೆ ಸೇರಿಸಿಕೊಳ್ಳುವ ಸೆಟ್ಟಿಂಗ್ ಇದೆ. ಅದನ್ನು ಆನ್ ಮಾಡಿ, ಲೇಖಕರ ಹೆಸರುಗಳನ್ನು ಒಂದೊಂದಾಗಿ ತುಂಬುತ್ತಾ ಬಂದಿದ್ದೇನೆ. ತೀನಂಶ್ರೀ, ತೀ. ನಂ. ಶ್ರೀಕಂಠಯ್ಯ, ಟಿ.ಎನ್. ಶ್ರೀಕಂಠಯ್ಯ, ತೀರ್ಥಪುರ ನಂಜುಂಡಯ್ಯ ಶ್ರೀಕಂಠಯ್ಯ. ಮಕ್ಕಳು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ರೂಪಗಳೂ ಸೇರಿವೆ. ಫೋನಿನಲ್ಲಿ ಕನ್ನಡ ಟೈಪ್ ಮಾಡಲು ಬೇಸರವಾದಾಗ ಅವರು ಹಾಗೇ ಹುಡುಕುತ್ತಾರೆ. ಅದನ್ನು ತಪ್ಪು ಅನ್ನಲು ನಾನು ಯಾರು?

ಏನೇನು ತುಂಬಬೇಕು ಅಂತ ಗೊತ್ತಾಗುವುದು ಸರ್ವರ್‌ನ ಲಾಗ್ ನೋಡಿದಾಗ. ಯಾರು ಹುಡುಕಿದರು ಅನ್ನೋದು ನನಗೆ ಬೇಡ, ಅದನ್ನು ಅಳಿಸಿಬಿಡುತ್ತೇನೆ. ಏನು ಹುಡುಕಿದರು, ಸಿಕ್ಕಿತೋ ಇಲ್ಲವೋ, ಅಷ್ಟು ಸಾಕು. ವಾರಕ್ಕೊಮ್ಮೆ ಸಿಗದ ಮಾತುಗಳ ಪಟ್ಟಿ ತೆಗೆಯುತ್ತೇನೆ. ಅದನ್ನು ಓದುತ್ತಾ ಕೂತರೆ, ಕೌಂಟರ್‌ಗೆ ಬರದೆ ಹೋದ ಮಕ್ಕಳೆಲ್ಲ ಬಂದು ಒಬ್ಬೊಬ್ಬರಾಗಿ ಕೇಳಿದ ಹಾಗಿರುತ್ತದೆ. 'ಪೂಚಂತೆ' ಅಂತ ಹುಡುಕಿದವರು, 'ಪೂರ್ಣಚಂದ್ರ' ಅಂತ ಹುಡುಕಿದವರು, 'ತೇಜಶ್ವಿ' ಅಂತ ಶಕಾರ ಹಾಕಿದವರು. ಪ್ರತಿಯೊಂದು ಸಾಲಿನ ಹಿಂದೆ ಒಬ್ಬ ಓದುಗ ಇದ್ದಾನೆ. ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಲೈಬ್ರರಿಗಳಿಗೆ ಕೊಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಬೇಕು ಅನ್ನೋದು. ಓದುವಾಗ ಅದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಅದರ ಅರ್ಥ ನನಗೆ ತಟ್ಟಿದ್ದು ಈ ಪಟ್ಟಿ ಓದುವಾಗ. ರಂಗನಾಥನ್ ಲೈಬ್ರರಿಯನ್ ಆಗುವ ಮುಂಚೆ ಗಣಿತದ ಮೇಷ್ಟ್ರಾಗಿದ್ದರು. ಅಷ್ಟು ಲೆಕ್ಕಾಚಾರದ ಮನುಷ್ಯ, ಎಲ್ಲ ಸೂತ್ರಗಳನ್ನೂ ತಂದು ನಿಲ್ಲಿಸಿದ್ದು ಓದುಗರ ಮುಂದೆ.

ಭಾನುವಾರ, ಕಗ್ಗಲಡು

ರಜೆ ಸಿಕ್ಕಿದಾಗ ನಾನು ಹಕ್ಕಿ ನೋಡಲು ಹೋಗುತ್ತೇನೆ. ಬೆಳಗಿನ ಹೊತ್ತು ದೇವರಾಯನದುರ್ಗದ ಕಾಡಿನ ರಸ್ತೆ, ನಾಮದ ಚಿಲುಮೆಯ ಸುತ್ತಮುತ್ತ. ಸ್ವಲ್ಪ ಜಾಸ್ತಿ ಸಮಯ ಇದ್ದರೆ ಶಿರಾ ತಾಲ್ಲೂಕಿನ ಕಗ್ಗಲಡು. ಅಲ್ಲಿ ಊರೊಳಗಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಬೂದು ಬಕಗಳೂ ಇರುತ್ತವೆ. ಕಾಡಲ್ಲ, ಕೆರೆ ನಡುಗಡ್ಡೆಯೂ ಅಲ್ಲ. ಕೆಳಗೆ ಎಮ್ಮೆ ಕಟ್ಟಿರುತ್ತಾರೆ, ಬಟ್ಟೆ ಒಣಗಿರುತ್ತವೆ, ಮಕ್ಕಳು ಆಡುತ್ತಿರುತ್ತಾರೆ. ಮೇಲೆ ಮರದ ತುದಿಯಲ್ಲಿ ಹಳದಿ ಕೊಕ್ಕಿನ ದೊಡ್ಡ ಹಕ್ಕಿ ಮರಿಗೆ ಮೀನು ತಿನ್ನಿಸುತ್ತಿರುತ್ತದೆ. ಬಾಲದ ಹತ್ತಿರ ನಸುಗೆಂಪು ಗರಿಗಳು ಗಾಳಿಗೆ ಎದ್ದು ಬೀಳುತ್ತವೆ. ಮರಿಗಳು ಸದ್ದು ಮಾಡುವುದು ಇಡೀ ಬೀದಿಗೆ ಕೇಳಿಸುತ್ತದೆ.

ಒಂದು ಸಲ ಹೀಗೆ ಮರದ ಕೆಳಗೆ ನಿಂತು ಗೂಡು ಎಣಿಸುತ್ತಿದ್ದಾಗ, ಜಗಲಿ ಮೇಲೆ ಕೂತಿದ್ದ ಅಜ್ಜಿಯೊಬ್ಬರು ಕರೆದರು. "ಏನವ್ವಾ ಬರ್ಕಂತಿದ್ದೀಯ?" ಹಕ್ಕಿ ಲೆಕ್ಕ ಬರೆದುಕೊಳ್ಳುತ್ತಿದ್ದೇನೆ ಅಜ್ಜಿ ಅಂದೆ. "ನಮ್ಮನ್ ಕೇಳಿದ್ರೆ ಹೇಳ್ತಿದ್ವಲ್ಲ" ಅಂದು, ಯಾವ ಮರಕ್ಕೆ ಮೊದಲು ಬರುತ್ತವೆ, ಯಾವ ವರ್ಷ ಕೆರೆ ಬತ್ತಿ ಕಮ್ಮಿ ಬಂದವು, ಗಾಳಿಗೆ ಬಿದ್ದ ಮರಿಗಳನ್ನು ಏನು ಮಾಡುತ್ತಾರೆ ಅಂತ ಒಂದೊಂದೇ ಹೇಳುತ್ತಾ ಹೋದರು. ನಾನು ಬರೆದುಕೊಂಡೆ. ಹಿಂದಿರುಗುವಾಗ ಬಸ್ಸಿನಲ್ಲಿ ಕೂತು ಯೋಚಿಸಿದೆ. ಇದು ಯಾವ ಪುಸ್ತಕದಲ್ಲೂ ಇಲ್ಲ. ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಮಕ್ಕಳ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಇರಬಹುದು. ಆದರೆ ಆ ರಿಪೋರ್ಟುಗಳು ಅಂಕ ಹಾಕಿದ ಮೇಲೆ ಎಲ್ಲಿ ಹೋಗುತ್ತವೆ? ಸ್ಟಾಕ್ ರೂಮಿನ ಗೋಣಿಚೀಲದಲ್ಲಿ.

ಹೀಗೆ ಶುರುವಾದದ್ದು ನಮ್ಮ ತುಮಕೂರು ಸಂಗ್ರಹ. ಮಕ್ಕಳ ಪ್ರಾಜೆಕ್ಟ್ ರಿಪೋರ್ಟುಗಳು, ಹಳೆಯ ಕಾಲೇಜ್ ಮ್ಯಾಗಜೀನ್‌ಗಳು, ಜಾತ್ರೆಯ ಕರಪತ್ರಗಳು, ಸಂಘಗಳ ಸ್ಮರಣ ಸಂಚಿಕೆಗಳು. ಮಾರುಕಟ್ಟೆಯಲ್ಲಿ ಸಿಗದ, ಐಎಸ್‌ಬಿಎನ್ ಇಲ್ಲದ, ಒಮ್ಮೆ ಹೋದರೆ ಮತ್ತೆ ಬಾರದ ಕಾಗದಗಳು. ಸ್ಕ್ಯಾನ್ ಮಾಡಿ ಡಿಸ್ಪೇಸ್ ಎಂಬ ಡಿಜಿಟಲ್ ಸಂಗ್ರಹದ ಸಾಫ್ಟ್‌ವೇರ್‌ನಲ್ಲಿ ಇಡುತ್ತಿದ್ದೇವೆ. ಬರೆದವರ ಒಪ್ಪಿಗೆ ಸಿಕ್ಕಿದ್ದು ಎಲ್ಲರಿಗೂ, ಸಿಗದ್ದು ಲೈಬ್ರರಿಯ ಒಳಗೆ ಮಾತ್ರ. ಪ್ರತಿಯೊಂದಕ್ಕೂ ಊರಿನ ಹೆಸರು, ತಾಲ್ಲೂಕಿನ ಹೆಸರು ಹಾಕುತ್ತೇವೆ. ಊರಿನ ಹೆಸರಿನಿಂದ ಹುಡುಕುವವರೇ ಜಾಸ್ತಿ. ತಮ್ಮ ಊರಿನ ಬಗ್ಗೆ ಏನಾದರೂ ಬರೆದಿದ್ದಾರಾ ಅಂತ ನೋಡುವ ಆಸೆ ಎಲ್ಲ ಮಕ್ಕಳಿಗೂ ಇರುತ್ತದೆ. ಬಿ.ಎಲ್. ರೈಸ್ 1904ರಲ್ಲಿ ತಂದ ತುಮಕೂರು ಜಿಲ್ಲೆಯ ಶಾಸನ ಸಂಪುಟ ತಾಲ್ಲೂಕುವಾರು ಇದೆ. ನಿಮ್ಮೂರಿನ ಕಲ್ಲು ಇದರಲ್ಲಿದೆ ಅಂತ ತೆಗೆದು ತೋರಿಸಿದರೆ, ಇತಿಹಾಸ ಅಂದರೆ ಮೂಗು ಮುರಿಯುತ್ತಿದ್ದ ಹುಡುಗ ಕೂಡ ಕುರ್ಚಿ ಎಳೆದುಕೊಂಡು ಕೂರುತ್ತಾನೆ.

ಮುಂದಿನ ಕೆಲಸ

ರಾತ್ರಿ ಅಡಿಗೆ ಮನೆ ಕೆಲಸ ಮುಗಿದ ಮೇಲೆ ನಾನು ಒಂದಷ್ಟು ಹೊತ್ತು ಕನ್ನಡ ವಿಕಿಸೋರ್ಸ್‌ನಲ್ಲಿ ಪುಟಗಳನ್ನು ತಿದ್ದುತ್ತೇನೆ. ಹಕ್ಕುಸ್ವಾಮ್ಯ ಮುಗಿದ ಹಳೆ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರ್‌ನಿಂದ ಓದಿಸಿ, ಆಮೇಲೆ ಮನುಷ್ಯರು ಸಾಲು ಸಾಲಾಗಿ ಸರಿಮಾಡುವ ಜಾಗ ಅದು. ಅಲ್ಲೂ ಅದೇ ಸೊನ್ನೆ ಸಿಗುತ್ತದೆ. ಹೀಗೆ ಚಿತ್ರದಿಂದ ಅಕ್ಷರ ಓದುವ ಓಸಿಆರ್‌ಗೆ ಅನುಸ್ವಾರ ಕೆಲವು ಸಲ ಸೊನ್ನೆಯಾಗಿ ಕಾಣುತ್ತದೆ, 'ಮ' ಕೆಲವು ಸಲ 'ವು' ಆಗುತ್ತದೆ. ಲೈಬ್ರರಿಗಾಗಿ ಬರೆದ ಪ್ರೋಗ್ರಾಂ ಅಲ್ಲಿ ಉಪಯೋಗಕ್ಕೆ ಬಂತು. ಅಲ್ಲಿ ಕಲಿತದ್ದು ಲೈಬ್ರರಿಗೆ ಬಂತು.

ನಮ್ಮ ದೇಶದ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಬಿಎಂಶ್ರೀ ತೀರಿಕೊಂಡಿದ್ದು 1946ರಲ್ಲಿ, ಹಾಗಾಗಿ ಅವರು ಬದುಕಿದ್ದಾಗ ಅಚ್ಚಾದ ಬರಹಗಳು 2007ರಿಂದಲೇ ಎಲ್ಲರದ್ದು. ತೀನಂಶ್ರೀ ತೀರಿಕೊಂಡಿದ್ದು 1966ರಲ್ಲಿ. ಅವರು ಬದುಕಿದ್ದಾಗ ಅಚ್ಚಾದ ಪುಸ್ತಕಗಳು 2027ರ ಜನವರಿ 1ಕ್ಕೆ ಮುಕ್ತವಾಗುತ್ತವೆ. ಆ ದಿನದ ಮಟ್ಟಿಗೆ ನನಗೊಂದು ಆಸೆ ಇದೆ. ಅವರ ಜಿಲ್ಲೆಯ ಲೈಬ್ರರಿಗಳಲ್ಲಿ ಅವರ ಯಾವ ಪುಸ್ತಕ, ಯಾವ ಮುದ್ರಣ, ಎಲ್ಲಿ ಒಳ್ಳೆ ಸ್ಥಿತಿಯಲ್ಲಿದೆ ಅನ್ನೋ ಪಟ್ಟಿ ಅಷ್ಟರಲ್ಲಿ ಸಿದ್ಧವಾಗಿರಬೇಕು. ಹುಳ ತಿನ್ನದ, ಹಾಳೆ ಹರಿಯದ ಪ್ರತಿ ಸಿಕ್ಕರೆ ಸ್ಕ್ಯಾನ್ ಚೆನ್ನಾಗಿ ಬರುತ್ತದೆ. ತಿಪಟೂರು, ಮಧುಗಿರಿ, ಗುಬ್ಬಿ ಕಡೆ ನಮ್ಮಂಥ ಕಾಲೇಜುಗಳಲ್ಲಿ ಕೆಲಸ ಮಾಡುವ ಲೈಬ್ರರಿಯನ್‌ಗಳಿಗೆ ಫೋನ್ ಮಾಡಿ ಕೇಳುತ್ತಿದ್ದೇನೆ. ಕ್ಯಾಟಲಾಗಿನಲ್ಲಿ ಹುಡುಕಿ ಇಲ್ಲ ಅಂದವರಿಗೆ, ದಯವಿಟ್ಟು ಒಂದ್ಸಲ ರ‍್ಯಾಕ್ ನೋಡಿ ಬನ್ನಿ ಅನ್ನುತ್ತೇನೆ. ಹೋಗಿ ನೋಡಿ, ಇದೆ ಮೇಡಂ ಅಂತ ವಾಪಸ್ ಫೋನ್ ಮಾಡಿದವರೂ ಇದ್ದಾರೆ. ಅಂಥವರಿಗೆ ಪ್ರೋಗ್ರಾಮನ್ನೂ ಹೆಸರುಗಳ ಪಟ್ಟಿಯನ್ನೂ ಕಳಿಸಿದ್ದೇನೆ. ನಿಮ್ಮ ಲೈಬ್ರರಿಗೂ ಬೇಕಾದರೆ ಕೇಳಿ, ಕಳಿಸುತ್ತೇನೆ. ನಿಮ್ಮ ಕಡೆಯ ಲೇಖಕರನ್ನು ನಿಮ್ಮ ಓದುಗರು ಯಾವ್ಯಾವ ಹೆಸರಿನಿಂದ ಹುಡುಕುತ್ತಾರೆ ಅನ್ನೋದನ್ನು ಅದಕ್ಕೆ ಸೇರಿಸಿ ನನಗೂ ಕಳಿಸಿ. ಕೋಲಾರದವರಿಂದ ಡಿವಿಜಿ, ಮಾಸ್ತಿ ಅವರ ಹೆಸರಿನ ರೂಪಗಳಿಗಾಗಿ ಕಾಯುತ್ತಿದ್ದೇನೆ.